ಬೀದರ್ ಸುತ್ತ 50 ಕಿ.ಮೀ. ಟ್ರೇಲ್ ಓಟ: ಓಡೋರಿಗೆ ಖರೆ ಏನೇನು ಬೇಕು?

ಕೆಮ್ಮಣ್ಣು_ಬೀದರ್

ನಮಸ್ಕಾರ್ರಿ ಎಲ್ಲರಿಗೂ. ಡಿಸೆಂಬರ್ ನಡುವಿನ ಒಂದು ರವಿವಾರ ಬೀದರ್ ಹತ್ತಿರ 50 ಕಿ.ಮೀ. ಟ್ರೇಲ್ (ಕಾಡು, ಹೊಲದ ಕಚ್ಚಾ ದಾರಿ) ಓಟ ಇಡಬೇಕಂತ ನಮ್ಮ ಬಳಗದ ವಿಚಾರ ಅದ. 150 ಮಂದಿಗಿಂತ ಹೆಚ್ಚು ತಗೊಳ್ಳಲ್ಲ. ಮೊದಲ 18 ಕಿ.ಮೀ. ಮೇಲಿನ ಕೆಂಪು ನೆಲ, ಜಂಬಿಟ್ಟಿಗೆ ಕಲ್ಲು, ಹುಲ್ಲುಗಾವಲು. ಅಲ್ಲಿಂದ ಇಳಿದು ಮಾಂಜ್ರಾ ನದಿ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲದ ಬಂಡಿ ದಾರಿ 20 ಕಿ.ಮೀ. ಕೊನೆಯ 12 ಕಿ.ಮೀ. ಮತ್ತೆ ಮೇಲೆ ಹತ್ತೋದು. ಬೆಳಿಗ್ಗೆ 5:30ಕ್ಕೆ ಬಿಡ್ತೀವಿ, ಕಟಾಫ್ (ಓಟ ಮುಗಿಸೋ ಗಡುವು) 10 ತಾಸು.

ಬಳಗದಾಗ ಕೂತು ಪಟ್ಟಿ ಮಾಡಿದ್ರೆ ಸ್ಟೇಜು, ಸೌಂಡು, ಟೀ ಶರ್ಟು, ಮೆಡಲ್ಲಿಗೇ ಅರ್ಧ ರೊಕ್ಕ ಹೋಗ್ತದ. ಉಳಿದ ಅರ್ಧದಾಗ ಓಡೋರಿಗೆ ಕೊಡಲೇಬೇಕಾದ್ದು ಏನು? ಪ್ರತಿ 10 ಕಿ.ಮೀ.ಗೆ ಒಂದರಂತೆ ನಾಲ್ಕು ನೀರಿನ ಕೇಂದ್ರ ಹಾಕಿದ್ದೀವಿ. ಸಾಕಾ? ರಿಬ್ಬನ್ ಎಷ್ಟು ಬೇಕು, ನೀರು ಎಷ್ಟು ಬೇಕು, ಡಾಕ್ಟರಿಗೆ ಏನು ಸಾಮಾನು ತರೋಕೆ ಹೇಳಬೇಕು? ಲೆಕ್ಕ ಸಮೇತ ಹೇಳಿದ್ರೆ ಉಪಕಾರ ಆಗ್ತದ.


ಮೂರುದಾರಿ

ಕೇಂದ್ರದ ಮಾತು ಬ್ಯಾರೆಯವರು ಹೇಳಲಿ, ನಾ ದಾರಿಗುರುತಿಂದೇ ಹೇಳ್ತೀನಿ. ನೀರಿಲ್ಲದ ಅರ್ಧ ತಾಸು ಹೆಂಗರ ತಡಕೊಬಹುದು. ದಾರಿ ತಪ್ಪಿ 3 ಕಿ.ಮೀ. ಹೆಚ್ಚಿಗಿ ಓಡಿದ ಅಂದ್ರ ಆ ಮನುಷ್ಯಾನ ಓಟ ಅಲ್ಲಿಗೇ ಮುಗೀತು. ಅವನ ಬೆನ್ನ ಹಿಂದ ಕುರಿ ಹೋದಂಗ ಇನ್ನೂ ಹತ್ತು ಮಂದಿ ಹೋಗಿರ್ತಾರ, ಅದು ಬ್ಯಾರೆ.

ಮೊದಲ ತಪ್ಪು ಬಣ್ಣದಾಗ ಆಗ್ತದ. ಕೆಂಪು ರಿಬ್ಬನ್ ಕೆಮ್ಮಣ್ಣಿನ ಮ್ಯಾಲ ಕಾಣಲ್ಲ. ಹಳದಿ ಒಣಹುಲ್ಲಿನಾಗೂ ಮುಳುಗ್ತದ, ತೊಗರಿ ಹೂವಿನಾಗೂ ಮುಳುಗ್ತದ. ಕೇಸರಿ, ಹಸಿರು ಎರಡೂ ಬ್ಯಾಡೇ ಬ್ಯಾಡ. ಗುಡಿ ಮುಂದಿನ ಗಿಡಕ್ಕ ಕೇಸರಿ, ದರ್ಗಾದ ಗಿಡಕ್ಕ ಹಸಿರು ಮೊದಲೇ ಕಟ್ಟಿರ್ತಾರ. ಓಡೋರು ಅದನ್ನ ನಿಮ್ಮ ಗುರುತು ಅಂತಾರ, ಊರವರು ನಿಮ್ಮ ಗುರುತನ್ನ ಮತ್ತೇನೋ ಅಂತಾರ. ದಟ್ಟ ನೀಲಿ ತಗೋರಿ, ಇಲ್ಲಾ ಸೀರಿ ಅಂಗಡಿಯವರು ರಾಣಿ ಕಲರ್ ಅಂತಾರಲ್ಲ, ಅದು. ಒಂದೇ ಬಣ್ಣ, ಕೊನೆತನಕ. ಬಟ್ಟಿ ಪಟ್ಟಿನೇ ಇರಲಿ, ಪ್ಲಾಸ್ಟಿಕ್ ದನದ ಹೊಟ್ಟಿಗೆ ಹೋಗ್ತದ.

ಲೆಕ್ಕ ಹೀಂಗ. ಸೀದಾ ದಾರಿಯಾಗ 200 ಮೀಟರಿಗೆ ಒಂದು, ಕಾಡು ಮತ್ತ ಹುಲ್ಲಿನಾಗ 100 ಮೀಟರಿಗೆ ಒಂದು. ಸರಾಸರಿ 125 ಹಿಡಿದ್ರ 50 ಕಿ.ಮೀ.ಗೆ 400. ದಾರಿ ಕವಲಾಗೋ ಜಾಗ 40 ಅಂದ್ರ, ಒಂದೊಂದಕ್ಕ 6ರಂಗ 240. ಒಟ್ಟು 640 ಆಯ್ತು. ಕಿತ್ತು ಹೋಗೋವು, ದನ ಜಗ್ಗೋವು, ಹುಡುಗರು ತಲಿಗೆ ಕಟ್ಕೊಳ್ಳೋವು ಅಂತ ಇನ್ನೂ 160 ಇಡ್ರಿ. 40 ಸೆಂ.ಮೀ.ದ 800 ತುಂಡು, 320 ಮೀಟರ್ ಬಟ್ಟಿ. ಕತ್ತಲಾಗ ಓಡೋ ಮೊದಲ 9 ಕಿ.ಮೀ.ಗೆ ಪ್ರತಿ ಪಟ್ಟಿಗೂ ಎರಡು ಬೆರಳು ಅಗಲದ ಹೊಳಿಯೋ ಟೇಪ್ ಹೊಲಿಸ್ರಿ. ಆ ದಿನದಾಗ ಬೀದರಿಗೆ ಹೊತ್ತು ಮೂಡೋದು 6:40ರ ಸುಮಾರಿಗೆ, ಅಂದ್ರ ಒಂದು ತಾಸಿನ ಮ್ಯಾಲ ಎಲ್ಲಾ ತಲಿ ದೀಪದ ಬೆಳಕಿನಾಗೇ.

ಈಗ ಒಂದು ಕವಲು ತಗೊಳ್ರಿ. ಎರಿ ಹೊಲದಾಗ ಮೂರು ಬಂಡಿ ದಾರಿ ಕೂಡ್ತಾವ, ನೀವು ಎಡಕ್ಕ ಹೋಗ್ಬೇಕು. ಕವಲಿಗೆ 30 ಮೀಟರ್ ಮೊದಲ ಒಂದರ ಪಕ್ಕ ಒಂದು ಎರಡು ಪಟ್ಟಿ ಕಟ್ರಿ, ಅಂದ್ರ ‘ಮುಂದ ತಿರುವು ಅದ’ ಅಂತ. ಕವಲಿನಾಗ ತಿರುಗೋ ಕಡಿಗೆ ಎರಡು. ತಿರುಗಿದ ಮ್ಯಾಲ 20 ಮೀಟರಿಗೆ ಒಂದು, ಮತ್ತ 100 ಮೀಟರಿಗೆ ಒಂದು. ಈ ಕೊನಿ ಎರಡು ಭಾಳ ಮುಖ್ಯ. ತಿರುಗಿದವನಿಗೆ ‘ನಾ ಸರಿ ಬಂದೀನಿ’ ಅನ್ನೋ ಧೈರ್ಯ ಅದ್ರಿಂದೇ ಬರ್ತದ, ಹೆಚ್ಚಿನ ಕಡಿ ಅದನ್ನೇ ಕಟ್ಟಿರಲ್ಲ. ಉಳಿದ ತಪ್ಪು ದಾರಿಗೆ ಅಡ್ಡ ಸುಣ್ಣದ ಗೆರಿ ಎಳೀರಿ. ಗೆರಿ ಅಗಲ ಇರಲಿ, ಕತ್ತರಿ ಗುರುತು ಹಾಕ್ರಿ. ಬರೇ ಸಣ್ಣ ಬಿಳಿ ಗೆರಿ ಮೂರುದಾರಿ ಕೂಡೋ ಜಾಗದಾಗ ಇತ್ತಂದ್ರ ಯಾರೋ ನಿಂಬಿಹಣ್ಣು ಇಳಿಸ್ಯಾರ ಅಂತ ನಮ್ಮ ಮಂದಿ ಸುತ್ತು ಹಾಕ್ಕೊಂಡು ಹೋಗ್ತಾರ!

ಇನ್ನೊಂದು, ಹೊರಗಿನವರಿಗೆ ತಿಳಿಯಲ್ಲ. ನವೆಂಬರ್‌ದಾಗ ದಾರಿ ನೋಡಿ ಬಂದಾಗ ತೊಗರಿ ತಲಿಮಟ್ಟ ನಿಂತಿರ್ತದ. ಡಿಸೆಂಬರ್‌ದಾಗ ಕೊಯ್ಲು ಶುರು ಆದ್ರ ‘ತೊಗರಿ ಹೊಲದ ಮೂಲಿಗೆ ಎಡಕ್ಕ’ ಅಂತ ಬರದಿದ್ದು ಕೆಲಸಕ್ಕ ಬರಲ್ಲ. ಮೂಲಿನೂ ಇರಲ್ಲ, ನೀವು ಕಟ್ಟಿದ ಗಿಡನೂ ಇರಲ್ಲ. ಗುರುತು ಬದುವಿನ ಜಾಲಿ, ಬೇವು, ಕಲ್ಲುಕಂಬ ಇಂಥವಕ್ಕೇ ಕಟ್ರಿ. ಕೊಯ್ದ ಹೊಲದಾಗ ತೊಗರಿ ಕೂಳಿ ಓರೆಯಾಗಿ ಚಾಕುವಿನಂಗ ನಿಂತಿರ್ತದ, ತೆಳು ಬೂಟಿನ ತಳ ತೂತು ಮಾಡ್ತದ. ಆದ್ದರಿಂದ ಹೊಲದ ನಡುವಿಂದ ಅಡ್ಡದಾರಿ ಬ್ಯಾಡ, ಬಂಡಿ ಗಾಲಿ ಜಾಡೇ ಇರಲಿ.

ಪಟ್ಟಿ ಕಟ್ಟೋದು ಹಿಂದಿನ ದಿನ ಮಧ್ಯಾಹ್ನ. ಎರಡು ದಿನ ಮೊದಲ ಕಟ್ಟಿದ್ರ ಅರ್ಧ ಉಳಿಯಲ್ಲ. ಪ್ರತಿ ಊರಾಗ ಒಬ್ಬ ಕುರಿ ಕಾಯೋನಿಗೆ ಒಂದು ದಿನದ ಕೂಲಿ ಕೊಟ್ಟು ‘ಇದನ್ನ ನೋಡ್ಕೊ ಅಣ್ಣಾ’ ಅಂತ ಹೇಳ್ರಿ, ಅಷ್ಟು ಕಾವಲು ಸಾಕು. ಓಟದ ದಿನ ಮುಂದಿನ ಓಟಗಾರನಿಗಿಂತ ಒಂದು ತಾಸು ಮೊದಲ ಒಬ್ಬ ಬೈಕಿನ ಮ್ಯಾಲ ಹೊಸ ಪಟ್ಟಿ ಹಿಡಕೊಂಡು ಹೋಗಬೇಕು. ಬಿಚ್ಚೋ ಕೆಲಸ ಕೊನೆ ಓಟಗಾರನ ಹಿಂದ ಬರೋರದು, ಅವರದ್ದು ಮಾತ್ರ.

ವಾಚು, ಫೋನಿನಾಗ ದಾರಿ ತೋರಿಸೋ ಜಿಪಿಎಕ್ಸ್ ಫೈಲ್ ಹತ್ತು ದಿನ ಮೊದಲೇ ಕೊಡ್ರಿ. ದೂರ 50.8 ಬಂದ್ರ 50.8 ಅಂತೇ ಬರೀರಿ.


ಕ್ಯಾನ್_ಲೆಕ್ಕ

ನಾಲ್ಕು ಕೇಂದ್ರ ಸಾಲಲ್ಲ. ಸಮಾನ ದೂರಕ್ಕೆ ಹಾಕಿದ್ದೇ ತಪ್ಪು. ದೂರ ನೋಡಬೇಡಿ, ಕೊನೆಯವನಿಗೆ ಹಿಡಿಯುವ ಹೊತ್ತು ನೋಡಿ. ನಿಮ್ಮ ಕಟಾಫ್ ಪ್ರಕಾರ ಕೊನೆಯವನು ತಾಸಿಗೆ 5 ಕಿ.ಮೀ. ಬರ್ತಾನೆ. 30ರಿಂದ 40ಕ್ಕೆ ಅವನಿಗೆ ಎರಡು ತಾಸು ಬೇಕು, ಅದೂ ಬೆಳಿಗ್ಗೆ 11:30ರಿಂದ ಮಧ್ಯಾಹ್ನ 1:30ರವರೆಗೆ, ನೆರಳಿಲ್ಲದ ಎರಿ ಹೊಲದಲ್ಲಿ. ಡಿಸೆಂಬರ್ ಇದ್ದರೂ ಹೊತ್ತೇರಿದ ಮೇಲೆ 28–30 ಡಿಗ್ರಿ ಇರ್ತದೆ. ತಾಸಿಗೆ 500ರಿಂದ 750 ಮಿ.ಲೀ. ಕುಡಿದರೂ ಒಂದೂವರೆ ಲೀಟರ್ ಹೊತ್ತುಕೊಂಡು ಹೋಗಬೇಕು. ಹೊರೋದು ಒಂದೇ ಲೀಟರ್. ಅರ್ಧ ಲೀಟರಿನ ಆ ಕೊರತೆಯಲ್ಲೇ ಮನುಷ್ಯ ಬೀಳ್ತಾನೆ.

ಆರು ಕೇಂದ್ರ ಮಾಡಿ: 9, 18, 25, 32, 38, 44 ಕಿ.ಮೀ. ತಂಪು ಹೊತ್ತಿನಲ್ಲಿ ದೂರ ದೂರ, ಬಿಸಿಲಿನಲ್ಲಿ ಹತ್ತಿರ ಹತ್ತಿರ.

ನೀರು: ಬಿಸಿಲಿನ ಕೊನೆಯ ಮೂರರಲ್ಲಿ ಒಂದೊಂದು ಕೇಂದ್ರಕ್ಕೂ ತಲೆಗೆ ಒಂದು ಲೀಟರ್ ಕುಡಿಯೋಕೆ ಮತ್ತು ತುಂಬಿಕೊಳ್ಳೋಕೆ, ಅರ್ಧ ಲೀಟರ್ ತಲೆ, ಕತ್ತಿನ ಮೇಲೆ ಸುರುವಿಕೊಳ್ಳೋಕೆ. 150 ಮಂದಿಗೆ 225 ಲೀಟರ್. ಮೂರನೇ ಒಂದು ಪಾಲು ಹೆಚ್ಚಿಗೆ ಇಟ್ಟರೆ 300 ಲೀಟರ್, ಅಂದರೆ 20 ಲೀಟರಿನ 15 ಕ್ಯಾನ್. 9ನೇ ಕಿ.ಮೀ.ಗೆ 6 ಕ್ಯಾನ್, 18ಕ್ಕೆ 8, 25ಕ್ಕೆ 10. ಒಟ್ಟು 69. ಗುರಿಯ ಹತ್ತಿರ ಇನ್ನೊಂದು 11 ಹಿಡಿದು 80 ಅನ್ನಿ. ಒಂದು ಕೇಂದ್ರದ 15 ಕ್ಯಾನ್ ಅಂದ್ರೆ 300 ಕಿಲೋ, ಬೈಕಿನ ಮಾತಲ್ಲ. ಟಂಟಂ (ಮೂರು ಗಾಲಿಯ ಗಾಡಿ) ಅಥವಾ ಟ್ರ್ಯಾಕ್ಟರ್ ಹೇಳಿ, ಹಿಂದಿನ ಸಂಜೆಯೇ ಇಳಿಸಿ, ಪಕ್ಕದ ಹೊಲದವರನ್ನು ಕಾವಲಿಗೆ ಕೂರಿಸಿ.

ಮೊದಲ ಕೇಂದ್ರದ ಗೋಳು ಬೇರೆ. 9ನೇ ಕಿ.ಮೀ.ಗೆ ಇನ್ನೂ ಎಲ್ಲರೂ ಗುಂಪಾಗಿಯೇ ಬರ್ತಾರೆ. ಕ್ಯಾನಿನ ಮೇಲೆ ಕೂರಿಸುವ ಒತ್ತು ಪಂಪಿನಿಂದ ಅರ್ಧ ಲೀಟರ್ ತುಂಬೋಕೆ ಕಾಲು ನಿಮಿಷ ಹಿಡೀತದೆ. ಎರಡು ಬಾಟಲಿ, ಮುಚ್ಚಳ ಬಿಚ್ಚೋದು, ಹಾಕೋದು ಸೇರಿದರೆ ಒಬ್ಬರಿಗೆ ಮುಕ್ಕಾಲು ನಿಮಿಷ. ಎರಡು ಪಂಪಿನ ಮುಂದೆ 20 ಮಂದಿ ಬಂದರೆ ಕೊನೆಯವನು ಏಳೆಂಟು ನಿಮಿಷ ನಿಲ್ಲಬೇಕು. ಪಂಪು ಬಿಡಿ. ಮೂತಿ ಇರುವ 2 ಲೀಟರಿನ ಜಗ್ಗು ಆರು ತಂದು ತುಂಬಿಟ್ಟುಕೊಂಡಿರಿ, ಸ್ವಯಂಸೇವಕರೇ ಸುರುವಲಿ. ಮೆತ್ತನೆ ಬಾಟಲಿಗೆ ಬಾಯಿ ಸಣ್ಣದು, ಕೈಯಲ್ಲಿ ಕುಸೀತದೆ. ಹಿಡಿಯೋನು ಕತ್ತನ್ನು ಹಿಡಿದು ಎತ್ತಬೇಕು, ಸುರುವೋನು ಜಗ್ಗಿನ ಮೂತಿಯನ್ನು ಬಾಯಿಗೆ ತಾಗಿಸಬಾರದು. ಕಾಗದದ ಕಪ್ಪು ಇಡಬೇಡಿ. ಲೋಟ ಅವರೇ ತರಲಿ ಅಂತ ನೋಂದಣಿಯಲ್ಲೇ ಬರೀರಿ.

ಓಆರ್‌ಎಸ್: ಮೊದಲ ಮೂರು ಕೇಂದ್ರಕ್ಕೆ ಒಂದೊಂದು ಕ್ಯಾನ್, ಕೊನೆಯ ಮೂರಕ್ಕೆ ಎರಡೆರಡು, ಒಟ್ಟು 9. ಮೇಲಿನ 69ರಲ್ಲೇ ಇವು ಸೇರಿವೆ. ಲೀಟರಿಗೆ ಒಂದು ಪೊಟ್ಟಣ ಅಂದರೆ 180 ಪೊಟ್ಟಣ. ಪೊಟ್ಟಣ ಹರಿದು ಅರ್ಧ ಲೀಟರ್ ಬಾಟಲಿಗೆ ಪೂರ್ತಿ ಸುರಿದುಕೊಳ್ಳೋದು ಎಲ್ಲೆಡೆ ನಡೆಯುವ ತಪ್ಪು. ದ್ರಾವಣ ಗಟ್ಟಿಯಾಗಿ ಹೊಟ್ಟೆ ತೊಳಸಿ ವಾಂತಿ ಆಗ್ತದೆ. ಕ್ಯಾನಿನಲ್ಲೇ ಕಲಸಿ, ಮೇಲೆ ದೊಡ್ಡ ಅಕ್ಷರದಲ್ಲಿ ‘ಓಆರ್‌ಎಸ್’ ಅಂತ ಬರೀರಿ. ಇಲ್ಲಾಂದ್ರೆ ಯಾರೋ ಅದನ್ನೇ ತಲೆಗೆ ಸುರುವಿಕೊಳ್ತಾರೆ. ಟೆಟ್ರಾ ಪ್ಯಾಕಿನ ಸಿಹಿ ಪಾನೀಯವನ್ನು ಓಆರ್‌ಎಸ್ ಅಂದುಕೊಳ್ಳಬೇಡಿ, ಅದರಲ್ಲಿ ಸಕ್ಕರೆ ಜಾಸ್ತಿ, ಉಪ್ಪು ಕಡಿಮೆ.

ತಿನ್ನೋದು: ತಾಸಿಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ನಡುಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ. ಸಿಪ್ಪೆ ಸಮೇತ ಅರ್ಧ ಕತ್ತರಿಸಿ ಇಡಿ, ಸುಲಿದಿಟ್ಟರೆ ನೊಣ. ಬೇಯಿಸಿದ ಆಲೂಗಡ್ಡೆ ತುಂಡು, ಪಕ್ಕಕ್ಕೆ ಉಪ್ಪಿನ ಬಟ್ಟಲು. ಬೆಲ್ಲ, ಖರ್ಜೂರ, ಕಿತ್ತಳೆ, ಕಲ್ಲಂಗಡಿ. 25ರ ತನಕ ಶೇಂಗಾ ಚಿಕ್ಕಿ ನಡೀತದೆ. ಆಮೇಲೆ ಅದು ಅರಗಲ್ಲ, ಎಣ್ಣೆ ಹೆಚ್ಚು. ಗ್ಲೂಕೋಸ್ ಬಿಸ್ಕತ್ತು ಒಣಬಾಯಿಗೆ ಇಳಿಯಲ್ಲ. ಚುರುಮುರಿ ಮಾತ್ರ ಬೇಡ, ಏದುಸಿರಿನಲ್ಲಿ ಗಂಟಲಿಗೆ ಸಿಕ್ಕೊಳ್ತದೆ. ಮಜ್ಜಿಗೆ ಕೊನೆಯ ಎರಡು ಕೇಂದ್ರದಲ್ಲಿ ಉಪ್ಪು ಮುಂದಾಗಿ ಕೊಡಿ, ಅದಕ್ಕೆ ಮುಗಿಬೀಳ್ತಾರೆ. ಬಿಸಿಲಲ್ಲಿ ನಾಲ್ಕು ತಾಸು ಇಡಬೇಡಿ, ಎರಡು ಸಲ ತರಿಸಿ. ಭಜಿ, ಸುಸಲಾ, ಖಾರದ್ದೆಲ್ಲ ಗುರಿ ಮುಟ್ಟಿದ ಮೇಲೆ.


ಕೆಮ್ಮಣ್ಣು_ಬೀದರ್

ಎರಡು ಮಾತು. ಒಂದು, ಕೇಸರಿ ಪ್ಲಾಸ್ಟಿಕ್ ಟೇಪ್ ಎರಡು ರೋಲ್ ತಂದಾಗಿದೆ ರೀ. ಇನ್ನೊಂದು, ಆರು ಕೇಂದ್ರಕ್ಕೆ ಮಂದಿ ಸಾಲಲ್ಲ, ನೀರು 2 ಕಿ.ಮೀ.ಗೊಂದು ಕಡೆ ಬರೇ ಕ್ಯಾನ್ ಇಟ್ಟು ಬಿಟ್ಟರೆ ಆಗಲ್ವಾ?


ಮೂರುದಾರಿ

ಆ ಟೇಪು ಗಾಡಿ ನಿಲ್ಲಿಸೋ ಜಾಗಕ್ಕ, ಗುರಿಯ ಮುಂದಿನ ಓಣಿಗೆ ಕಟ್ರಿ. ದಾರಿಗೆ ಒಂದು ತುಂಡೂ ಬರಬಾರದು. ಕಾವಲಿಲ್ಲದ ಕ್ಯಾನು ಹೊತ್ತೇರೋದ್ರೊಳಗ ಖಾಲಿ ಆಗಿರ್ತದ, ಇಲ್ಲಾ ಕ್ಯಾನೇ ಇರಲ್ಲ.


ಓಟದ_ಡಾಕ್ಟರ್

2 ಕಿ.ಮೀ.ಗೊಂದು ನೀರು ಬೇಡ ಅನ್ನೋದಕ್ಕೆ ನನ್ನದೂ ಒಂದು ಕಾರಣ ಇದೆ. ನಿಧಾನ ಓಡುವವರು ಸಿಕ್ಕಲ್ಲೆಲ್ಲ ಬರೀ ನೀರು ಕುಡಿದು ರಕ್ತದ ಸೋಡಿಯಂ ಇಳಿಸಿಕೊಳ್ಳುತ್ತಾರೆ. ತಲೆನೋವು, ವಾಂತಿ, ಬೆರಳು ಊದಿ ಉಂಗುರ ಬಿಗಿಯಾಗುವುದು, ಆಮೇಲೆ ತೊದಲು ಮಾತು, ಗೊಂದಲ, ಫಿಟ್ಸ್. ನೋಡಿದವರು ‘ನಿರ್ಜಲೀಕರಣ’ ಅಂದುಕೊಂಡು ಇನ್ನಷ್ಟು ನೀರು ಕುಡಿಸುತ್ತಾರೆ, ಇಲ್ಲವೇ ಸಾದಾ ಸಲೈನ್ ಬಾಟಲಿ ಏರಿಸುತ್ತಾರೆ. ಎರಡೂ ಅಪಾಯ. ಪ್ರಜ್ಞೆ ಇದ್ದು ನುಂಗುವಂತಿದ್ದರೆ ನೀರು ನಿಲ್ಲಿಸಿ, ಉಪ್ಪು ಹೆಚ್ಚಿರುವ ಸಾರು ಸ್ವಲ್ಪ ಕೊಡಿ. ಗೊಂದಲ, ಫಿಟ್ಸ್ ಬಂದಿದ್ದರೆ 3 ಶೇಕಡಾ ಸಲೈನ್ 100 ಮಿ.ಲೀ. ಡಾಕ್ಟರೇ ಕೊಡಬೇಕು. ಆದ್ದರಿಂದ ಆ ಬಾಟಲಿ ಎರಡಾದರೂ ಪೆಟ್ಟಿಗೆಯಲ್ಲಿರಲಿ. ಓಡುವವರಿಗೆ ಹೇಳಬೇಕಾದದ್ದು ಇಷ್ಟೇ: ಬಾಯಾರಿದಾಗ ಕುಡಿಯಿರಿ.

ಬಿಸಿಲಿನ ಹೊಡೆತದ ತಯಾರಿ ಇಲ್ಲದೆ ಓಟ ಬಿಡಬೇಡಿ. ಲಕ್ಷಣ: ಓಡುತ್ತಿದ್ದವನು ಅಡ್ಡಾದಿಡ್ಡಿ ನಡೆಯುತ್ತಾನೆ, ರೇಗುತ್ತಾನೆ, ಹೆಸರು ಕೇಳಿದರೆ ಉತ್ತರ ತಪ್ಪುತ್ತದೆ. ಮೈ ಬೆವೆತಿರಲೂಬಹುದು, ಒಣಗಿರಲೇಬೇಕು ಎನ್ನುವುದು ತಪ್ಪು ನಂಬಿಕೆ. ಹಣೆಗೆ ಹಿಡಿಯುವ ತಾಪಮಾಪಕ ಇಲ್ಲಿ ಸುಳ್ಳು ಹೇಳುತ್ತದೆ, ಗುದದ್ವಾರದ ತಾಪವನ್ನೇ ನೋಡಬೇಕು. ಅದು 40 ಡಿಗ್ರಿ ದಾಟಿ, ಗೊಂದಲವೂ ಇದ್ದರೆ ಆಂಬ್ಯುಲೆನ್ಸಿಗೆ ಕಾಯಬಾರದು. ಮೊದಲು ತಂಪು, ಆಮೇಲೆ ಸಾಗಾಟ. ಕುಸಿದ ಅರ್ಧ ಗಂಟೆಯೊಳಗೆ ತಾಪ ಇಳಿಸಬೇಕು. ಟಬ್ಬು ಹಳ್ಳಿ ದಾರಿಗೆ ಬರುವುದಿಲ್ಲ, ತಾಡಪತ್ರಿ ಸಾಕು. ಮನುಷ್ಯನನ್ನು ಅದರ ಮೇಲೆ ಮಲಗಿಸಿ, ನಾಲ್ಕು ಜನ ಅಂಚು ಎತ್ತಿ ಹಿಡಿದು ತೊಟ್ಟಿಲಿನಂತೆ ಮಾಡಿ. ಐದನೆಯವರು ಬರ್ಫಿನ ನೀರು ಸುರಿಯಲಿ. ಹಿಡಿದವರು ಅತ್ತಿತ್ತ ತೂಗುತ್ತಿರಬೇಕು, ಇಲ್ಲದಿದ್ದರೆ ಮೈಗೆ ತಾಗಿದ ನೀರು ಬೆಚ್ಚಗಾಗಿ ಕೆಲಸ ಮಾಡುವುದಿಲ್ಲ. ತಾಪ 39ಕ್ಕೆ ಇಳಿದಾಗ ನಿಲ್ಲಿಸಿ, ಆಗ ಗಾಡಿ ಹತ್ತಿಸಿ. 38ನೇ ಕಿ.ಮೀ.ಗೆ ಮತ್ತು ಗುರಿಗೆ ತಲಾ 50 ಕಿಲೋ ಬರ್ಫು ಬೇಕು. ಗಡ್ಡೆಯಾಗಿ ತಂದು ಬಿಡಬೇಡಿ, ಗೋಣಿಚೀಲದಲ್ಲಿ ಹಾಕಿ ಒಡೆದು ಹೊಟ್ಟಿನಲ್ಲಿ ಮುಚ್ಚಿಡಿ.

ಗುರಿ ಮುಟ್ಟಿದ ಕೂಡಲೇ ಬೀಳುವವರ ಕಥೆ ಬೇರೆ. ಓಟ ನಿಂತಾಗ ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ತಲೆ ಸುತ್ತುತ್ತದೆ. ಮಲಗಿಸಿ ಕಾಲು ಎತ್ತಿದರೆ ಹೆಚ್ಚಿನವರು ಹತ್ತು ಹದಿನೈದು ನಿಮಿಷದಲ್ಲಿ ಸರಿಹೋಗುತ್ತಾರೆ. ಗುರಿ ದಾಟಿದವರನ್ನು ಮೆಡಲು ಹಾಕಿ ಫೋಟೋಕ್ಕೆ ನಿಲ್ಲಿಸಬೇಡಿ, 50 ಮೀಟರ್ ನಡೆಯಲು ಬಿಡಿ.

ನೋವಿನ ಮಾತ್ರೆ ಯಾವ ಕೇಂದ್ರದಲ್ಲೂ ಇಡಬೇಡಿ. ನೀರು ಕಡಿಮೆಯಾದ ದೇಹದಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೂತ್ರಪಿಂಡಕ್ಕೆ ಹೊಡೆತ.

ಹಾವು: ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಉಂಗುರ, ವಾಚು, ಬೂಟು ತೆಗೆದು, ಕಚ್ಚಿದ ಕೈಕಾಲು ಅಲುಗದಂತೆ ಪಟ್ಟಿ ಕಟ್ಟಿ, ನಡೆಸದೆ ಎತ್ತಿ ತನ್ನಿ. ಯಾವ ಆಸ್ಪತ್ರೆಯಲ್ಲಿ ವಿಷನಿರೋಧಕ ಚುಚ್ಚುಮದ್ದು ಇದೆ ಎಂದು ಹಿಂದಿನ ದಿನವೇ ವಿಚಾರಿಸಿ. ಬೀದರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಬ್ರಿಮ್ಸ್‌ಗೂ ಓಟದ ದಿನ ತಿಳಿಸಿರಿ. ಕುರಿಮಂದೆಯ ನಾಯಿ ಬಂದರೆ ಓಡಬಾರದು, ನಿಂತು ನಡೆಯಬೇಕು. ಕಚ್ಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ರೇಬಿಸ್ ಲಸಿಕೆ. ಹಳೆಯ ಗುಮ್ಮಟ, ಕೋಟೆಗೋಡೆಯ ಹತ್ತಿರ ದಾರಿ ಹಾದರೆ ಹೆಜ್ಜೇನು ಇದೆಯೇ ಎಂದು ತಲೆ ಎತ್ತಿ ನೋಡಿ ಬನ್ನಿ. ಅಲ್ಲಿ ಡ್ರೋನು, ಪಟಾಕಿ ಬೇಡ.

ಕಡ್ಡಾಯ ಸಾಮಾನಿನ ಪಟ್ಟಿ ಚಿಕ್ಕದಿರಲಿ, ಆದರೆ ಬಿಬ್ (ಎದೆಗೆ ಹಚ್ಚುವ ನಂಬರ್ ಚೀಟಿ) ಕೊಡುವಾಗ ಮುಟ್ಟಿ ನೋಡಿ: ಒಂದು ಲೀಟರ್ ಹೊರುವ ಬಾಟಲಿ, ತಲೆದೀಪ, ಸೀಟಿ, ಚಾರ್ಜಾದ ಫೋನು, ಕ್ರೇಪ್ ಬ್ಯಾಂಡೇಜು, ಎರಡು ಓಆರ್‌ಎಸ್, ಲೋಟ. 2021ರ ಮೇ ತಿಂಗಳಲ್ಲಿ ಚೀನಾದ ಗಾನ್ಸು ಪ್ರಾಂತ್ಯದ 100 ಕಿ.ಮೀ. ಓಟದಲ್ಲಿ ಚಳಿಗಾಳಿ, ಆಲಿಕಲ್ಲಿಗೆ 21 ಮಂದಿ ತೀರಿಕೊಂಡರು. ಗಾಳಿ ತಡೆಯುವ ಜಾಕೆಟ್ಟು ಅಲ್ಲಿನ ಕಡ್ಡಾಯ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿ ಮಾಡುವಾಗ ಬೆಳಗಿನ ತಂಪನ್ನು ನೆನೆಯಬೇಡಿ, ಆ ದಿನ ಬರಬಹುದಾದ ಅತಿ ಕೆಟ್ಟ ಗಂಟೆಯನ್ನು ನೆನೆಯಿರಿ.


ಯಾದಗಿರಿ_ಅಕ್ಕ

ಪಾಯಖಾನಿ ಬಗ್ಗೆ ಯಾರೂ ಬರದೇ ಇಲ್ಲಲ್ರೀ ಅಣ್ಣಾವ್ರೇ! 150 ಮಂದಿ, ಒಬ್ಬರಿಗೆ 3 ನಿಮಿಷ, 450 ನಿಮಿಷ ಆಯ್ತು. ನಾಲ್ಕು ಇಟ್ಟರೆ ಸಾಲು ಕರಗೋಕೆ ಎರಡು ತಾಸಿನ ಹತ್ತಿರ, ಎಂಟು ಇಟ್ಟರೆ ಒಂದು ತಾಸಿನೊಳಗೆ. ಎಂಟೇ ಬೇಕು, ಮೂರು ಹೆಂಗಸರಿಗೆ ಬೇರೆ. ಒಬ್ಬರಿಗೆ 4 ಲೀಟರ್ ಅಂದ್ರೂ 600 ಲೀಟರ್ ನೀರು, ಬಕೀಟು, ಚೊಂಬು, ಒಳಗೆ ದೀಪ, ಒಳಗಿಂದ ಹಾಕ್ಕೊಳ್ಳೋ ಚಿಲಕ. ಚಿಲಕ ಮುರಿದ ಡಬ್ಬಿ ಬಂದ್ರೆ ಇಳಿಸ್ಕೋಬ್ಯಾಡ್ರಿ, ವಾಪಸ್ ಕಳಿಸ್ರಿ.

ದಾರಿಯ ಮೇಲೆ ಗಂಡಸರು ಬದು ದಾಟಿ ನಿಂತುಬಿಡ್ತಾರೆ. ಕೊಯ್ಲಾದ ಎರಿ ಹೊಲದಾಗ ಒಂದು ಕಿ.ಮೀ. ದೂರದಿಂದ ಎಲ್ಲಾ ಕಾಣ್ತದ, ಹೆಂಗಸರು ಎಲ್ಲಿ ಹೋಗಬೇಕು? ಅದೇ ಕಾರಣಕ್ಕೆ ನೀರೇ ಕುಡಿಯದೆ ಓಡೋರು ಅದಾರ. ಡಾಕ್ಟ್ರೇ, ಇದನ್ನೂ ನಿಮ್ಮ ಪಟ್ಟಿಗೆ ಸೇರಿಸ್ರಿ. 18, 32, 44ರಲ್ಲಿ ನಾಲ್ಕು ಬಿದಿರು, ಒಂದು ಪರದೆ, ಒಂದು ಗುಂಡಿ ಸಾಕು. ಪ್ಯಾಡು, ಸೋಪು, ಕಾಗದದ ಚೀಲ ಅಲ್ಲೇ ಇರಲಿ, ಕೇಳಿ ತಗೊಳ್ಳೋ ಹಂಗ ಇರಬಾರದು. ಆ ಕೇಂದ್ರಗಳಲ್ಲಿ ಇಬ್ಬರಾದರೂ ಹೆಣ್ಮಕ್ಕಳು ಕೆಲಸಕ್ಕಿರಲಿ.

ಟೀ ಶರ್ಟಿನ ಹೆಂಗಸರ ಅಳತಿ ತರಿಸ್ರಿ, ಇಲ್ಲಾಂದ್ರ ಟೀ ಶರ್ಟೇ ಬಿಡ್ರಿ. ಹಿಂದಿನ ಸಂಜೆಯ ಮಾಹಿತಿ ಸಭೆ ಕನ್ನಡ, ಹಿಂದಿ ಎರಡರಾಗೂ ಆಗಲಿ. ತೆಲಂಗಾಣ, ಮಹಾರಾಷ್ಟ್ರ ಎರಡೂ ಕಡಿಯಿಂದ ಮಂದಿ ಬರ್ತಾರೆ. ಊಟ ಕೊನೆಯವರು ಬರೋತನಕ ಬಿಸಿ ಇರಬೇಕು. ಹತ್ತು ತಾಸು ಓಡಿ ಬಂದವಳಿಗೆ ‘ರೊಟ್ಟಿ ಮುಗಿದಾವ’ ಅನ್ನಬಾರದು.


ಪೆನ್ನು_ಪ್ಯಾಡು

ಎಣಿಕೆಯ ಬಗ್ಗೆ ಹೇಳ್ತೀನಿ. ನೋಂದಣಿ ಆದವರ ಸಂಖ್ಯೆ ಲೆಕ್ಕಕ್ಕಿಲ್ಲ, ಶುರುವಿನ ಗೆರೆ ದಾಟಿದವರ ಸಂಖ್ಯೆ ಮುಖ್ಯ. ಇಬ್ಬರು ಬೇರೆ ಬೇರೆ ಎಣಿಸಲಿ, ತಾಳೆಯಾಗದಿದ್ದರೆ ಬಿಬ್ ಪಟ್ಟಿ ಹಿಡಿದು ಮತ್ತೆ ನೋಡಿ. ಪ್ರತಿ ಕೇಂದ್ರದಲ್ಲಿ ಗೆರೆ ಹಾಕಿದ ಹಾಳೆ: ಬಿಬ್, ಬಂದ ಹೊತ್ತು, ಹೋದ ಹೊತ್ತು, ನಿಲ್ಲಿಸಿದರೆ ಯಾರ ಗಾಡಿಯಲ್ಲಿ ಹೋದರು. ಹೊತ್ತು ತಾನೇ ದಾಖಲಿಸೋ ಚಿಪ್ ಇದ್ದರೂ ಹಾಳೆ ಬಿಡಬೇಡಿ. ಚಿಪ್ ಒಂದು ಸಲ ಓದದೆ ಹೋದರೆ ಆ ಮನುಷ್ಯ ಕಾಡಿನಲ್ಲಿದ್ದಾನೋ ಮನೆಯಲ್ಲಿದ್ದಾನೋ ಗೊತ್ತಾಗಲ್ಲ. ಅರ್ಧಕ್ಕೆ ಬಿಟ್ಟವರ ಬಿಬ್ಬಿನ ಕೆಳತುಂಡು ಹರಿದು ಇಟ್ಟುಕೊಳ್ಳಿ. ಬಿಟ್ಟವರು ಯಾರಿಗೂ ಹೇಳದೆ ಊರಿನ ಬಸ್ ಹತ್ತಿ ಹೋಗಿಬಿಡ್ತಾರೆ, ಇಲ್ಲಿ ಸಂಜೆತನಕ ಹೊಲ ಹುಡುಕೋದು ನಡೀತಿರ್ತದೆ.

ಕಟಾಫ್ ಬರೀ ಕೊನೆಗೆ ಇಟ್ಟರೆ ಸಾಲದು. 18ಕ್ಕೆ 8:50, 32ಕ್ಕೆ 11:35, 38ಕ್ಕೆ 12:50, 44ಕ್ಕೆ 2:10, ಗುರಿಗೆ 3:30. ಹೀಗೆ ಇಟ್ಟರೆ ಕೊನೆಯ ಏರಿನ 12 ಕಿ.ಮೀ.ಗೆ 2 ತಾಸು 40 ನಿಮಿಷ ಸಿಗ್ತದೆ, ತಾಸಿಗೆ ನಾಲ್ಕೂವರೆ ಕಿ.ಮೀ. ನಡೆದೇ ಮುಟ್ಟಬಹುದು. ಸಮಯ ಮುಗಿದ ಮೇಲೆ ‘ಪಾಪ ಹೋಗಲಿ’ ಅಂತ ಬಿಡಬೇಡಿ. ಮುಂದಿನ ಕೇಂದ್ರದ ಹುಡುಗರು, ಡಾಕ್ಟರು, ಗಾಡಿ ಎಲ್ಲರೂ ಆ ಒಬ್ಬನಿಗಾಗಿ ಕಾಯಬೇಕಾಗ್ತದೆ.

ಕೊನೆಯಲ್ಲಿ ನಡೆಯುವವರು ಇಬ್ಬರು ಬೇಕು. ಒಬ್ಬ ಬಿದ್ದವನ ಹತ್ತಿರ ಕೂತರೆ ಇನ್ನೊಬ್ಬ ಮುಂದೆ ಹೋಗ್ತಾನೆ. ಇವರು ಬರೋತನಕ ಯಾವ ಕೇಂದ್ರವನ್ನೂ ಕಳಚಬಾರದು.

ದಾರಿಯಲ್ಲಿ ಮೂರು ಕಂಪನಿಯ ಸಿಮ್ ಹಿಡಿದು ನಡೆದು, ಎಲ್ಲಿ ಯಾವುದು ಹಿಡಿಯಲ್ಲ ಅಂತ ಬರ್ಕೊಳ್ಳಿ. ಯಾವುದೂ ಹಿಡಿಯದ ಕೇಂದ್ರಕ್ಕೆ ಒಬ್ಬ ಬೈಕಿನವ. ಡಾಂಬರು ರಸ್ತೆ ದಾಟೋ ಕಡೆ ಇಬ್ಬಿಬ್ಬರು ಬಾವುಟ ಹಿಡಿದು ನಿಲ್ಲಲಿ. ಆ ತಿಂಗಳು ಕಬ್ಬಿನ ಟ್ರ್ಯಾಕ್ಟರು ಎರಡೆರಡು ಟ್ರೇಲರ್ ಎಳ್ಕೊಂಡು ಬರ್ತವೆ, ತಟ್ಟನೆ ಬ್ರೇಕ್ ಹಿಡಿಯಲ್ಲ. ಓಟಗಾರ ನಿಲ್ಲಬೇಕು, ಟ್ರ್ಯಾಕ್ಟರ್ ಅಲ್ಲ.

ಹುಲ್ಲುಗಾವಲು ಮೀಸಲು ಅರಣ್ಯದ ಒಳಗೆ ಬಂದರೆ ಅರಣ್ಯ ಇಲಾಖೆಯ ಅನುಮತಿ ಲಿಖಿತವಾಗಿ ಬರಬೇಕು, ‘ಸಾಹೇಬ್ರು ಹೂಂ ಅಂದಾರ’ ಅನ್ನೋದು ನಡೆಯಲ್ಲ. ಅಲ್ಲಿ ಕೃಷ್ಣಮೃಗ ಇವೆ, ಮೈಕು ಡ್ರೋನು ಬೇಡ. ಮುಂದಿನ ವರ್ಷ ಚಿಂಚೋಳಿ ಕಾಡಿನ ಕಡೆ ಮಾಡೋಣ ಅನ್ನೋರಿಗೂ ಒಂದು ಮಾತು. ಅದು 2011ರಿಂದ ವನ್ಯಜೀವಿಧಾಮ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಒಳಗೆ ಕಾಲಿಡೋಕೇ ಪರವಾನಗಿ ಬೇಕು.


ಕೆಮ್ಮಣ್ಣು_ಬೀದರ್

ಸ್ಟೇಜು ತೆಗೆದುಹಾಕಿದೆ, ಒಂದು ಟೇಬಲ್ಲು ಮೈಕು ಸಾಕು. ಆ ರೊಕ್ಕ ಪಾಯಖಾನಿಗೆ, ಬರ್ಫಿಗೆ. ಕೊನೆಯ ಪ್ರಶ್ನೆ: ಹಿಂದಿನ ರಾತ್ರಿ ಅಕಾಲ ಮಳಿ ಬಂದರೆ?


ಮೂರುದಾರಿ

ಎರಿ ಮಣ್ಣಿಗೆ ಒಂದು ಒಳ್ಳೆ ಮಳಿ ಸಾಕು. ಬೂಟಿಗೆ ಅರ್ಧ ಕಿಲೋ ಹತ್ತಿ ಪ್ರತಿ ಹತ್ತು ಹೆಜ್ಜಿಗೆ ಕೆರೀಬೇಕು. ಓಡೋರು ಹೆಂಗರ ದಾಟ್ತಾರ, ಆದ್ರ ನೀರಿನ ಟಂಟಂ ಹೂತು ಹೋಗ್ತದ, ಆಂಬ್ಯುಲೆನ್ಸ್ ಬರೋದೇ ಇಲ್ಲ. ಗಾಡಿ ಹೋಗದ ಜಾಗಕ್ಕ ಓಡೋರನ್ನ ಬಿಡಬಾರದು.

ಅದಕ್ಕ ಎರಡನೇ ದಾರಿ ಈಗಲೇ ಅಳದು ಇಡ್ರಿ. ಮೇಲಿನ ಕೆಂಪು ನೆಲದಾಗ ನೀರು ನಿಲ್ಲಲ್ಲ, ಜಲ್ದಿ ಬಸೀತದ. ಅಲ್ಲೇ 16–17 ಕಿ.ಮೀ.ದ ಸುತ್ತು ಮಾಡಿ ಮೂರು ಸಲ ತಿರುಗಿಸ್ರಿ. ಆಗ ಎರಡು ಕೇಂದ್ರ ಸಾಕು, ಕ್ಯಾನೂ ಅಲ್ಲಿಗೇ ಸೇರ್ತಾವ. ಎಣಿಕೆ ಮಾತ್ರ ಬಿಗಿ ಆಗ್ಬೇಕು, ಯಾರು ಎಷ್ಟನೇ ಸುತ್ತು ಅನ್ನೋದು ಗೊತ್ತಾಗಲಿಕ್ಕೆ ಪ್ರತಿ ಸುತ್ತಿಗೂ ಬ್ಯಾರೆ ಬಣ್ಣದ ರಬ್ಬರ್ ಬ್ಯಾಂಡ್ ಕೈಗೆ ಹಾಕ್ರಿ. ಅದರ ಜಿಪಿಎಕ್ಸ್ ಮೊದಲೇ ಎಲ್ಲರಿಗೂ ಕಳಿಸಿರಬೇಕು. ಅರಣ್ಯದ ಅನುಮತಿ ಅರ್ಜಿಯಾಗ ಈ ಸುತ್ತನ್ನೂ ಬರೀರಿ, ಆಮ್ಯಾಲ ಸೇರಿಸಲಿಕ್ಕೆ ಆಗಲ್ಲ. ಹಿಂದಿನ ಸಂಜಿ 6 ಗಂಟೆಗೆ ಇಬ್ಬರು ಟ್ರ್ಯಾಕ್ಟರ್ ಬಿಟ್ಟು ಟಂಟಂನಾಗೇ 25ರಿಂದ 38ರ ತನಕ ಹೋಗಿ ಬರಲಿ. ಎಲ್ಲ್ಯಾದರೂ ಒಂದು ಕಡಿ ಗಾಲಿ ಹೂತಿತು ಅಂದ್ರ ಏಳು ಗಂಟೆಗೆ ಎಲ್ಲರ ಫೋನಿಗೂ ಸಂದೇಶ ಹೋಗಬೇಕು. ರಾತ್ರಿ ಮಲಗಿದ ಮ್ಯಾಲ ಮಳಿ ಶುರು ಆಯ್ತಂದ್ರ ಬೆಳಗಿನ 3:30ಕ್ಕೆ ಮತ್ತೊಮ್ಮೆ ಅದೇ ಟಂಟಂ.